ಯಾವ ಕಡೆಯಿಂದ ಬಂತು?

(ಆಲ್ದೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ.)



ಈ ದತ್ತಿ ಇಟ್ಟವರು ಎರಡು ಷರತ್ತು ಹಾಕಿದ್ದಾರೆ. ಒಂದು, ತಮ್ಮ ಹೆಸರನ್ನು ವೇದಿಕೆಯ ಮೇಲೆ ಎತ್ತಬಾರದು. ಇನ್ನೊಂದು, ಉಪನ್ಯಾಸ ಕತ್ತಲಾಗುವುದರೊಳಗೆ ಮುಗಿಯಬೇಕು. ಮೊದಲನೆಯದು ಅವರ ದೊಡ್ಡತನ. ಎರಡನೆಯದಕ್ಕೆ ಕಾರಣ ಏನೆಂದು ಈ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆಹ್ವಾನಪತ್ರಿಕೆಯಲ್ಲಿ ವಿಷಯ ಓದಿ ಕೆಲವರು ನಕ್ಕರಂತೆ. ವಚನ, ಕಾವ್ಯ, ಜಾನಪದ ಎಲ್ಲ ಇರುವಾಗ ಟೀವಿಯಲ್ಲಿ ಬರುವ ಅಗ್ಗದ ಭಯದ ಸಿನಿಮಾ, ಅದರಲ್ಲೂ ಮನುಷ್ಯರನ್ನು ತಿನ್ನುವ ಪ್ರಾಣಿಗಳ ಸಿನಿಮಾ, ದತ್ತಿ ಉಪನ್ಯಾಸಕ್ಕೆ ವಿಷಯವೇ? ನಗು ನ್ಯಾಯವಾದದ್ದೇ. ಆ ಸಿನಿಮಾಗಳು ಹುಟ್ಟಿರುವುದೂ ಅರ್ಧ ನಗಿಸುವುದಕ್ಕಾಗಿಯೇ. ಆದರೆ ನಾನು ಅವನ್ನು ನೋಡಿದ್ದು ಈ ಗುಡ್ಡಗಳ ನಡುವೆ ಕೂತು. ಇಲ್ಲಿ ಕೂತು ನೋಡಿದವರಿಗೆ ಅವು ಬೇರೆಯದೇ ಒಂದು ಪಾಠ ಹೇಳುತ್ತವೆ. ಅದನ್ನು ನಿಮ್ಮ ಮುಂದಿಡಲು ಬಂದಿದ್ದೇನೆ.

ನಮ್ಮಪ್ಪ ಇಲ್ಲಿಂದ ಬಾಳೆಹೊನ್ನೂರಿನ ಕಡೆಗೆ ಹೋಗುವ ದಾರಿಯ ಒಂದು ತೋಟದಲ್ಲಿ ರೈಟರಾಗಿದ್ದರು. ಸಾಹುಕಾರರ ಮನೆಗೆ ಡಿಶ್ ಬಂದ ವರ್ಷ ಅವರ ಹಾಲಿನ ಮೂಲೆಯಲ್ಲಿ ನಮಗೂ ಜಾಗ ಸಿಕ್ಕಿತು. ಕೂಲಿಕಾರರ ಲೈನುಮನೆಗಳ ಮಕ್ಕಳು ಜಗಲಿಯಲ್ಲಿ ನಿಂತು ಕಿಟಕಿಯ ಸರಳು ಹಿಡಿದುಕೊಂಡು ನೋಡುತ್ತಿದ್ದರು. ಆಷಾಢದ ಭಾನುವಾರ, ಹೊರಗೆ ಬಿಡದ ಮಳೆ, ಒಳಗೆ ಹಿಂದಿಗೆ ಡಬ್ ಆದ ಒಂದು ಮೊಸಳೆ ಅಥವಾ ಹೆಬ್ಬಾವು. ಮೊಸಳೆ ದೋಣಿಯ ಹತ್ತಿರ ಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಆ ಕಾಲದಲ್ಲಿ ನಾನು ನೋಡಿದ ಇಂಥ ಸಿನಿಮಾಗಳಿಗೆ ಲೆಕ್ಕವಿಲ್ಲ. ಕೊನೆಯವರೆಗೆ ನೋಡಿದ್ದು ಒಂದೂ ಇಲ್ಲ. ಉಳಿದ ಕತೆಯನ್ನು ಜಗಲಿಯಲ್ಲಿ ಕೂತು ನಾವೇ ಕಟ್ಟುತ್ತಿದ್ದೆವು.

ತೋಟದ ರಾತ್ರಿ ಕಾವಲಿನವನು ಕಂಬಳಿಕೊಪ್ಪೆ ಕೊಡವುತ್ತಾ ಅದೇ ಹೊತ್ತಿಗೆ ಬರುತ್ತಿದ್ದ. ಕತೆ ಏನೆಂದು ಅವನು ಕೇಳುತ್ತಿರಲಿಲ್ಲ. ಒಂದೇ ಪ್ರಶ್ನೆ: 'ಅದು ಯಾವ ಕಡೆಯಿಂದ ಬಂತು?' ನಮಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಸಿನಿಮಾ ಅದನ್ನು ಹೇಳಿರುತ್ತಲೇ ಇರಲಿಲ್ಲ. 'ಹಂಗಾದ್ರೆ ಏನು ನೋಡಿದ್ರಿ?' ಎಂದು ಟಾರ್ಚು ಬಡಿದುಕೊಂಡು ಹೊರಟುಬಿಡುತ್ತಿದ್ದ. ಇವತ್ತಿನ ನನ್ನ ಉಪನ್ಯಾಸವೆಲ್ಲ ಆ ಕಾವಲುಗಾರನ ಪ್ರಶ್ನೆಯ ವಿಸ್ತರಣೆ.

ಕಾಫಿ ಮೂಟೆಯ ಜೇಡ

ಮೊದಲು ಈ ಜಾತಿಯ ಸಿನಿಮಾಗಳ ಹುಟ್ಟನ್ನು ನೋಡೋಣ. ಅಮೆರಿಕದ ಎಬಿಸಿ ವಾಹಿನಿ 1969ರಲ್ಲಿ ವಾರಕ್ಕೊಂದು ಸಿನಿಮಾವನ್ನು ಟೀವಿಗೆಂದೇ ಮಾಡಿಸಿ ತೋರಿಸತೊಡಗಿತು. ಕಡಿಮೆ ದಿನ, ಕಡಿಮೆ ದುಡ್ಡು, ಜಾಹೀರಾತು ಬರುವ ಮುಂಚೆ ಒಂದೊಂದು ಎದೆಬಡಿತ. 1971ರಲ್ಲಿ ಆ ಸರಣಿಗೆ ಇಪ್ಪತ್ತನಾಲ್ಕು ವರ್ಷದ ಸ್ಟೀವನ್ ಸ್ಪೀಲ್‌ಬರ್ಗ್ 'ಡ್ಯುಯೆಲ್' ಮಾಡಿಕೊಟ್ಟರು. ಅದರಲ್ಲಿ ಪ್ರಾಣಿ ಇಲ್ಲ, ಒಬ್ಬ ಕಾರಿನವನ ಬೆನ್ನು ಹತ್ತುವ ಲಾರಿ ಇದೆ. ಡ್ರೈವರನ ಮುಖವನ್ನು ಕಡೆತನಕ ತೋರಿಸುವುದಿಲ್ಲ. ಹಾಗಾಗಿ ಲಾರಿಯೇ ಗುಟುರು ಹಾಕುವ ಕಾಡುಕೋಣದಂತೆ ಕಾಣುತ್ತದೆ. ನಾಲ್ಕು ವರ್ಷದ ಮೇಲೆ ಅದೇ ಸ್ಪೀಲ್‌ಬರ್ಗ್ ಶಾರ್ಕಿನ ಸಿನಿಮಾ 'ಜಾಸ್' ತೆಗೆದರು. ಚಿತ್ರಮಂದಿರಗಳ ಮುಂದೆ ಸಾಲು ನಿಂತಿತು. ಟೀವಿಯವರು ಸುಮ್ಮನಿರುತ್ತಾರೆಯೇ? ಶಾರ್ಕ್ ಮಾಡಿಸಲು ದುಡ್ಡಿಲ್ಲ. ಜೇನು, ಇರುವೆ, ಜೇಡ ಪುಕ್ಕಟೆ. 1976ರಲ್ಲಿ ಕೊಲೆಗಡುಕ ಜೇನು, 1977ರಲ್ಲಿ ಕೊಲೆಗಡುಕ ಇರುವೆ, ಅದೇ ವರ್ಷ ಕೊಲೆಗಡುಕ ಜೇಡ.

ಈ ಜೇಡದ ಸಿನಿಮಾವನ್ನು ಆಲ್ದೂರಿನವರು ತಪ್ಪದೆ ನೋಡಬೇಕು. ಹೆಸರು 'ಟ್ಯಾರಂಟುಲಾಸ್: ದ ಡೆಡ್ಲಿ ಕಾರ್ಗೊ', ಸಿಬಿಎಸ್ ವಾಹಿನಿಯದು. ಆ ಮಾರಕ ಸರಕು ಏನು ಗೊತ್ತೆ? ಕಾಫಿ! ಈಕ್ವೆಡಾರ್ ದೇಶದಿಂದ ಕಾಫಿ ಮೂಟೆ ಹೊತ್ತ ವಿಮಾನವೊಂದು ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ಬೆಳೆಯುವ ಒಂದು ಊರಿನ ಪಕ್ಕ ಬೀಳುತ್ತದೆ. ಮೂಟೆಗಳಿಂದ ವಿಷದ ಜೇಡಗಳು ಹೊರಟು ಊರಿಗೆ ನುಗ್ಗುತ್ತವೆ. ಕಿತ್ತಳೆ ಮಾರಾಟದ ಕಾಲ. ವಿಷಯ ಹೊರಗೆ ಗೊತ್ತಾದರೆ ವ್ಯಾಪಾರ ಕೆಡುತ್ತದೆಂದು ಊರಿನ ಹಿರಿಯರಿಗೆ ಚಿಂತೆ. ಕೊನೆಗೆ ಯಾರಿಗೋ ಹೊಳೆಯುತ್ತದೆ: ಜೇಡದ ಶತ್ರು ಕಣಜ, ಕಣಜದ ಗುಂಯ್‌ಗುಡುವಿಕೆ ಕೇಳಿಸಿದರೆ ಜೇಡ ಮರಗಟ್ಟಿ ನಿಲ್ಲುತ್ತದೆ. ಧ್ವನಿವರ್ಧಕದಲ್ಲಿ ಆ ಸದ್ದು ಹಾಕಿ, ನಿಂತಲ್ಲೇ ನಿಂತ ಜೇಡಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕುತ್ತಾರೆ.

ನಮ್ಮ ಪ್ಲಾಂಟರು ಇದನ್ನು ನೋಡಿದರೆ ಮೊದಲು ಕೇಳುವುದು, ಕಣದಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಗೋಣಿಚೀಲಕ್ಕೆ ತುಂಬಿದ ಬೀಜದಲ್ಲಿ ಜೇಡಕ್ಕೇನು ಕೆಲಸ ಎಂದು. ಸರಿಯಾದ ಪ್ರಶ್ನೆಯೇ. ಆದರೆ ಕಾಫಿಯ ಜೊತೆ ದೇಶ ದಾಟಿ ಬರುವ ಮಾರಕ ಪ್ರಾಣಿ ನಿಜಕ್ಕೂ ಒಂದಿದೆ, ನಿಮಗೆಲ್ಲ ಗೊತ್ತು. ಆಫ್ರಿಕಾ ಮೂಲದ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಣ್ಣಿಗೆ ಬಿತ್ತು. ಆಮೇಲೆ ತೋಟದಿಂದ ತೋಟಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ನಡೆಯಿತು. ಉದ್ದ ಎರಡು ಮಿಲಿಮೀಟರೂ ಇಲ್ಲ. ಹೆಣ್ಣು ಹುಳು ಕಾಯಿಯ ಮೂತಿಗೆ ಸೂಜಿಮೊನೆಯಷ್ಟು ತೂತು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಇದರ ಮೇಲೆ ಯಾರೂ ಸಿನಿಮಾ ಮಾಡಲಾರರು. ತೆರೆಯ ಮೇಲೆ ಅದು ಕಾಣುವುದೇ ಇಲ್ಲ.

ಮನುಷ್ಯರನ್ನು ಕೊಲ್ಲುವುದರಲ್ಲೂ ಅಷ್ಟೆ. ಮಲೆನಾಡಿನಲ್ಲಿ ಭಯಾನಕ ಪ್ರಾಣಿ ಯಾವುದೆಂದರೆ ಮಕ್ಕಳು ಹುಲಿ ಅನ್ನುತ್ತಾರೆ, ಕಾಳಿಂಗ ಅನ್ನುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಮನುಷ್ಯರೂ ಸತ್ತರಲ್ಲ, ಆ ಮಂಗನ ಕಾಯಿಲೆಯನ್ನು ಹೊತ್ತು ತರುವುದು ತರಗೆಲೆಯಲ್ಲಿ ಕೂತ ಉಣುಗು. ಅದು ಇವತ್ತಿಗೂ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬೇಸಗೆ ಬಂತೆಂದರೆ ಸುದ್ದಿ. ಸೌದೆಗೆ ಹೋದವರ ಕಾಲಿಗೆ ಹತ್ತುವ ಉಣುಗಿಗೆ ಹಲ್ಲಿಲ್ಲ, ಗರ್ಜನೆಯಿಲ್ಲ, ಹಿನ್ನೆಲೆ ಸಂಗೀತವಿಲ್ಲ. ತೆರೆಗೆ ದೊಡ್ಡದು ಬೇಕು. ಆದ್ದರಿಂದ ತೆರೆ ನಮಗೆ ಕಲಿಸುವ ಭಯದ ಅಳತೆ ಮೊದಲಿನಿಂದಲೂ ತಪ್ಪು.

ಹಾಗೆಂದು ಆ ಜೇಡದ ಸಿನಿಮಾವನ್ನು ಪೂರ್ತಿ ಹಳಿಯಬೇಡಿ. ಜೇಡವನ್ನು ಕಣಜ ಹಿಡಿಯುವುದು ನಿಜ. ನಿಮ್ಮ ಮನೆಯ ತೊಲೆಗೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳು ಒಳಗೆ ತುಂಬಿಡುವುದು ಜೇಡಗಳನ್ನೇ. ಸದ್ದು ಕೇಳಿಸಿ ಪ್ರಾಣಿಯನ್ನು ತಡೆಯುವ ಉಪಾಯವೂ ಬರೀ ಹುಚ್ಚಲ್ಲ. ಜೇನಿನ ಸದ್ದು ಕೇಳಿಸಿದರೆ ಆನೆಗಳು ಹಿಂದೆ ಸರಿಯುತ್ತವೆಂದು ಕೀನ್ಯಾದಲ್ಲಿ ಲೂಸಿ ಕಿಂಗ್ ಧ್ವನಿಮುದ್ರಣ ಹಾಕಿ ತೋರಿಸಿದರು. ಅದೇ ಜಾಡಿನಲ್ಲಿ 2021ರ ಮಾರ್ಚಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಡಗಿನ ಚೇಲೂರಿನಲ್ಲಿ ಆನೆದಾರಿಗೆ ಅಡ್ಡಲಾಗಿ ಜೇನುಪೆಟ್ಟಿಗೆ ಇಡುವ ಯೋಜನೆ ಶುರುಮಾಡಿತು. ಅಗ್ಗದ ಸಿನಿಮಾದ ಕ್ಲೈಮ್ಯಾಕ್ಸು ಕೊಡಗಿಗೆ ಬಂದು ಸರ್ಕಾರಿ ಯೋಜನೆಯಾಯಿತು ಎಂದು ತಮಾಷೆಗೆ ಹೇಳಬಹುದು.

ಬಡತನದ ಕಸುಬು

ಈ ಸಿನಿಮಾಗಳಲ್ಲಿ ನಾನು ಮೆಚ್ಚುವುದು ಅವುಗಳ ಬಡತನವನ್ನು. ದುಡ್ಡಿಲ್ಲದವನು ಪ್ರಾಣಿಯನ್ನು ತೋರಿಸಲಾರ. ತೋರಿಸಲಾರದವನು ಬೇರೆ ದಾರಿ ಹುಡುಕುತ್ತಾನೆ. 'ಜಾಸ್' ಬಡವರ ಸಿನಿಮಾ ಅಲ್ಲ, ಆದರೂ ಅದಕ್ಕೊಂದು ಬಡತನ ಒದಗಿಬಂತು. 'ಬ್ರೂಸ್' ಎಂದು ಹೆಸರಿಟ್ಟಿದ್ದ ಯಂತ್ರದ ಶಾರ್ಕು ಉಪ್ಪುನೀರಿಗೆ ಇಳಿದೊಡನೆ ಕೆಟ್ಟು ಕೂತಿತು. 55 ದಿನದಲ್ಲಿ ಮುಗಿಯಬೇಕಿದ್ದ ಚಿತ್ರೀಕರಣ 159 ದಿನಕ್ಕೆ ಹೋಯಿತು. ಬೇರೆ ದಾರಿ ಕಾಣದೆ ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದರು, ತೇಲುವ ಪೀಪಾಯಿ ತೋರಿಸಿದರು, ಜಾನ್ ವಿಲಿಯಮ್ಸರ ಎರಡೇ ಸ್ವರ ಬಾರಿಸಿದರು. ಶಾರ್ಕು ಪೂರ್ತಿ ಕಾಣುವ ಹೊತ್ತಿಗೆ ಸಿನಿಮಾ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಅಷ್ಟರಲ್ಲಿ ನೋಡುವವರು ತಂತಮ್ಮ ಶಾರ್ಕನ್ನು ತಾವೇ ಮಾಡಿಕೊಂಡಿರುತ್ತಾರೆ.

ಇದಕ್ಕೆ ತದ್ವಿರುದ್ಧವಾಗಿ ಎಲ್ಲವನ್ನೂ ತೋರಿಸಲು ಹೋಗಿ ಕೆಟ್ಟವರೂ ಇದ್ದಾರೆ. 1972ರ 'ನೈಟ್ ಆಫ್ ದ ಲೀಪಸ್' ಎಂಬ ಸಿನಿಮಾದಲ್ಲಿ ರಾಕ್ಷಸರು ಯಾರು? ಮೊಲಗಳು! ಸಾಕಿದ ಮೊಲಗಳನ್ನು ಪುಟಾಣಿ ಮನೆಗಳ ನಡುವೆ ಓಡಿಸಿ, ನಿಧಾನಗತಿಯಲ್ಲಿ ತೋರಿಸಿದರು. ಮೊಲ ಎಷ್ಟು ದೊಡ್ಡದಾದರೂ ಮೊಲವೇ. ಪ್ರೇಕ್ಷಕರು ಹೆದರುವ ಬದಲು ಎತ್ತಿ ಮುದ್ದಾಡಬೇಕೆನ್ನುವ ಹಾಗೆ ಆಯಿತು.

ತೋರಿಸದೆ ಹೆದರಿಸುವ ವಿದ್ಯೆ ನಮ್ಮ ಹಿರಿಯರಿಗೆ ಬಾಯಿಪಾಠವಾಗಿತ್ತು. ಬಚ್ಚಲೊಲೆಯ ಮುಂದೆ ಹುಲಿ ಕತೆ ಹೇಳುವವರು ಹುಲಿಯ ವರ್ಣನೆ ಮಾಡುತ್ತಿರಲಿಲ್ಲ. 'ಅಷ್ಟೊತ್ತು ಬೊಗಳುತ್ತಿದ್ದ ನಾಯಿ ಸುಮ್ಮನಾಯ್ತು' ಎನ್ನುತ್ತಿದ್ದರು, ಅಷ್ಟೆ. ಆಮೇಲೆ ಸೌದೆಯನ್ನು ಒಲೆಯೊಳಕ್ಕೆ ತಳ್ಳುತ್ತಾ ಕೂರುತ್ತಿದ್ದರು. ಆ ಮೌನದಲ್ಲಿ ಹುಲಿ ನಮ್ಮ ಬೆನ್ನಹಿಂದೆ ಬಂದು ನಿಂತಿರುತ್ತಿತ್ತು. ಕೊಟ್ಟಿಗೆಯಲ್ಲಿ ದನ ಮಿಸುಕಿದರೆ ಸಾಕು, ಮಕ್ಕಳು ಮೈಗೆ ಮೈ ಅಂಟಿಸಿಕೊಳ್ಳುತ್ತಿದ್ದರು. ಖರ್ಚು ಎರಡು ಕೊರಡು ಸೌದೆ.

ಇದಕ್ಕಿಂತ ಹಳೆಯದನ್ನೂ ಹೇಳುತ್ತೇನೆ. ಪ್ರಾಣಿ ಮತ್ತು ಮನುಷ್ಯನ ಸಾಹಸದ ಒಂದೇ ಚೌಕಟ್ಟಿನ ಚಿತ್ರವೊಂದು ಎಂಟು ಒಂಬೈನೂರು ವರ್ಷದಿಂದ ನಮ್ಮ ಸೀಮೆಯಲ್ಲಿ ಓಡುತ್ತಿದೆ. ಕತೆ ನಡೆದದ್ದು ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದಿನ ಸೊಸೆವೂರಿನಲ್ಲಿ. ವಾಸಂತಿಕಾ ದೇವಿಯ ಗುಡಿಯ ಬಳಿ ಹುಲಿ ಎರಗಿತು, ಸುದತ್ತ ಮುನಿ 'ಹೊಯ್ ಸಳ' ಎಂದು ಕೂಗಿದರು, ಸಳ ಹೊಡೆದ. ಒಂದು ರಾಜವಂಶದ ಹೆಸರೇ ಆ ಕೂಗಿನಿಂದ ಬಂತೆಂದು ಐತಿಹ್ಯ. ಬೇಲೂರಿನ ಬಾಗಿಲಲ್ಲಿ ಆ ದೃಶ್ಯ ಕಲ್ಲಾಗಿ ನಿಂತಿದೆ. ಆದರೆ ಹತ್ತಿರ ಹೋಗಿ ನೋಡಿ, ಹುಲಿ ಹುಲಿಯಂತಿಲ್ಲ; ಕೇಸರ ಹೊತ್ತ ಸಿಂಹದಂತಿದೆ. ಹಾಗಾದರೆ ಶಿಲ್ಪಿ ಸೋತನೆ? ಇಲ್ಲ. ಅವನಿಗೆ ಪ್ರಾಣಿಶಾಸ್ತ್ರ ಬೇಕಿರಲಿಲ್ಲ, ಬಿರುದು ಬೇಕಿತ್ತು. ಗೆದ್ದವನ ಕತೆಯಲ್ಲಿ ಪ್ರಾಣಿ ತನ್ನಂತೆ ಇರಬೇಕಾಗಿಲ್ಲ, ಗೆದ್ದವನನ್ನು ದೊಡ್ಡದಾಗಿ ಕಾಣಿಸಿದರೆ ಸಾಕು. ಅಂಗಡಿಯ ಹುಲಿ ಯಾವ ಕಾಡಿಂದ ಬಂತು, ಅದಕ್ಕೇನಾಗಿತ್ತು ಎಂದು ಯಾವ ಕಲ್ಲೂ ಹೇಳುವುದಿಲ್ಲ. ನಮ್ಮ ಕಾವಲುಗಾರನ ಪ್ರಶ್ನೆ ಅಲ್ಲಿಂದಲೇ ಬಾಕಿ ಇದೆ.

ಗುಂಡೇಟು ತಿಂದವಳು

ಟೀವಿಯ ಪ್ರಾಣಿಗೆ ಹಾದಿ ಇಲ್ಲ. ಅದು ಕೆರೆಯೊಳಗಿಂದ ಎದ್ದುಬಿಡುತ್ತದೆ, ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡುಬಿಡುತ್ತದೆ, ಮೂಟೆಯಿಂದ ಉದುರುತ್ತದೆ. ಈ ತರ್ಕದ ತುತ್ತತುದಿ 2013ರ ಜುಲೈ 11ರಂದು ಸೈಫೈ ವಾಹಿನಿಯಲ್ಲಿ ಬಂದ 'ಶಾರ್ಕ್‌ನೇಡೊ'. ಅದರಲ್ಲಿ ಸುಂಟರಗಾಳಿ ಸಮುದ್ರದ ಶಾರ್ಕುಗಳನ್ನು ಎತ್ತಿ ಲಾಸ್ ಏಂಜಲೀಸ್ ಊರಿನ ಮೇಲೆ ಸುರಿಯುತ್ತದೆ. ಮೀನು ಬಾನಿಂದ ಬೀಳುತ್ತದೆಂದ ಮೇಲೆ ಯಾವ ಕಡೆಯಿಂದ ಬಂತು ಎಂದು ಕೇಳುವುದಾದರೂ ಯಾರನ್ನು? ಮೊದಲ ರಾತ್ರಿ ನೋಡಿದವರು ಸುಮಾರು 13.7 ಲಕ್ಷ ಜನ. ಆ ರಾತ್ರಿ ಊರೆಲ್ಲ ಟ್ವಿಟರಿನಲ್ಲಿ ಕೂತು ನಕ್ಕಿತು. ನಕ್ಕವರ ಮಾತು ಕೇಳಿ ಮರುಪ್ರಸಾರಕ್ಕೆ ಇನ್ನೂ ಹೆಚ್ಚು ಜನ ಬಂದರು. 2018ರ ಹೊತ್ತಿಗೆ ಆರು ಭಾಗ ಬಂದವು. ಇದರಲ್ಲಿ ಒಂದು ಪ್ರಾಮಾಣಿಕತೆ ಇದೆ. ಇದು ಸುಳ್ಳು ಎಂದು ಮಾಡಿದವರಿಗೂ ಗೊತ್ತು, ನೋಡಿದವರಿಗೂ ಗೊತ್ತು. ಇಂಥ ನಗುವಿನಿಂದ ಯಾವ ಶಾರ್ಕಿಗೂ ಕೇಡಿಲ್ಲ.

ನಂಬಿಸಿದ ಸಿನಿಮಾದಿಂದ ಆದ ಕೇಡು ದೊಡ್ಡದು. 'ಜಾಸ್' ಕಾದಂಬರಿ ಬರೆದ ಪೀಟರ್ ಬೆಂಚ್ಲಿ ತಮ್ಮ ಪುಸ್ತಕ ಶಾರ್ಕಿನ ಬಗ್ಗೆ ಹುಟ್ಟಿಸಿದ ಹಗೆಯನ್ನು ಕಂಡು ಪರಿತಪಿಸಿದರು. ಬಾಳಿನ ಉತ್ತರಾರ್ಧವನ್ನು ಶಾರ್ಕುಗಳ ಪರವಾಗಿ ಮಾತಾಡುವುದರಲ್ಲೇ ಕಳೆದರು.

ನರಭಕ್ಷಕ ಪ್ರಾಣಿಯ ಕತೆಯನ್ನು ಹಾದಿಯ ಸಮೇತ ಹೇಳಿದವರು ಬೇಟೆಗಾರರು ಎಂಬುದು ವಿಚಿತ್ರ. 1907ರಲ್ಲಿ ಜಿಮ್ ಕಾರ್ಬೆಟ್ ಚಂಪಾವತದ ಹೆಣ್ಣುಹುಲಿಯನ್ನು ಹೊಡೆದಾಗ ಅದರ ಲೆಕ್ಕದಲ್ಲಿ 436 ಜನರ ಸಾವಿತ್ತು. ಹುಲಿ ಸತ್ತ ಮೇಲೆ ಕಾರ್ಬೆಟ್ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಅದರ ಬಾಯಿ ತೆರೆದು ನೋಡಿದ್ದು. ಹಳೆಯ ಗುಂಡೇಟಿಗೆ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಕಾಡಿನ ಬೇಟೆ ಹಿಡಿಯಲಾರದ ಹುಲಿ ಮನುಷ್ಯನ ಕಡೆ ತಿರುಗಿತ್ತು. ಅಲ್ಲಿಗೆ ರಾಕ್ಷಸಿ ಹೋಗಿ, ಗುಂಡೇಟು ತಿಂದ ಒಂದು ಜೀವ ಕಣ್ಣೆದುರು ಬಂತು. ಸತ್ತ 436 ಜನರ ದುಃಖ ಇದರಿಂದ ಒಂದಿಷ್ಟೂ ಹಗುರಾಗುವುದಿಲ್ಲ. ಆದರೆ ಮುಂದಿನ ಸಾವನ್ನು ತಡೆಯಲು ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ.

ಇದೇ ಕಾರ್ಬೆಟ್ಟರ ಪುಸ್ತಕದ ಹೆಸರು ಹಿಡಿದು ಹಾಲಿವುಡ್ 1948ರಲ್ಲಿ 'ಮ್ಯಾನ್-ಈಟರ್ ಆಫ್ ಕುಮಾಂವ್' ತೆಗೆಯಿತು. ಅದರಲ್ಲಿ ನಟಿಸಿದ್ದ ಸಾಬು ನಮ್ಮವನೇ. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ, ಹುಡುಗನಾಗಿದ್ದಾಗ 'ಎಲಿಫೆಂಟ್ ಬಾಯ್' ಸಿನಿಮಾದಿಂದ ಲೋಕಕ್ಕೆಲ್ಲ ಗೊತ್ತಾದವನು. ಪುಸ್ತಕಕ್ಕೂ ಸಿನಿಮಾಕ್ಕೂ ಸಂಬಂಧವೇ ಇರಲಿಲ್ಲ. ಇಡೀ ಚಿತ್ರದಲ್ಲಿ ಚೆನ್ನಾಗಿ ನಟಿಸಿದ್ದು ಹುಲಿಯೊಂದೇ ಎಂದು ಕಾರ್ಬೆಟ್ ಹೇಳಿದರೆಂಬ ಮಾತಿದೆ.

ಕಾರ್ಬೆಟ್ಟರ ರುದ್ರಪ್ರಯಾಗದ ಚಿರತೆಯನ್ನೂ ಕೆನೆತ್ ಆಂಡರ್ಸನ್ನರ ನರಭಕ್ಷಕಗಳನ್ನೂ ಕನ್ನಡಕ್ಕೆ ತಂದವರು ಯಾರೆಂದು ಈ ಸಭೆಗೆ ಹೇಳಬೇಕೆ? ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಆ ಕೆಲಸ ಮಾಡಿದರು. ಅವರಿಗೆ ರೋಚಕತೆ ಬೇಡವಾಗಿತ್ತು ಎಂದಲ್ಲ. ಮೊದಲ ಪುಟದಿಂದಲೇ ಓದುಗನ ಕೊರಳಪಟ್ಟಿ ಹಿಡಿಯುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ 1980ರಲ್ಲಿ ಬಂದ ಅವರದೇ 'ಕರ್ವಾಲೊ' ನೋಡಿ. ವಿಜ್ಞಾನಿ, ಜೇನಿನ ಮಂದಣ್ಣ, ನಾಯಿ, ಕಾಡು, ಹುಡುಕಾಟ, ಪ್ರಪಾತ. ಪ್ರಾಣಿ-ಭಯದ ಸಿನಿಮಾಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿದೆ. ಕೊನೆಗೆ ಎದುರಾಗುವ ಪ್ರಾಣಿ ಮಾತ್ರ ಯಾರನ್ನೂ ತಿನ್ನುವುದಿಲ್ಲ. ಹಾರುವ ಓತಿ ಎಲ್ಲರ ಕೈತಪ್ಪಿ ಗಾಳಿಯಲ್ಲಿ ತೇಲಿ ಹೋಗುತ್ತದೆ. ಮೈ ಜುಮ್ಮೆನ್ನುವುದಕ್ಕೆ ಹೆಣ ಬೀಳಲೇಬೇಕಾಗಿಲ್ಲ ಎಂದು ನಮ್ಮ ಪಕ್ಕದ ತಾಲ್ಲೂಕಿನವರೇ ತೋರಿಸಿಕೊಟ್ಟಿದ್ದಾರೆ.

ಸುದ್ದಿಯೆಂಬ ಸಿನಿಮಾ

ಈಗ ಇಷ್ಟು ಹೊತ್ತು ಸುತ್ತಿ ಬಳಸಿ ಬಂದ ಜಾಗಕ್ಕೆ ಬರುತ್ತೇನೆ. ಭಾನುವಾರದ ಮೊಸಳೆ ಸಿನಿಮಾ ಈಗ ಯಾರೂ ನೋಡುವುದಿಲ್ಲ. ಆದರೆ ಆ ಸಿನಿಮಾ ಸತ್ತಿಲ್ಲ. ಅದು ಸುದ್ದಿಯೊಳಕ್ಕೆ ಹೋಗಿ ಕೂತಿದೆ.

2022ರ ನವೆಂಬರಿನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರು ಭಾಗದಲ್ಲಿ ಆನೆ ದಾಳಿಗೆ ಒಬ್ಬ ಮಹಿಳೆ ಸತ್ತರು. ಜನ ಸಿಡಿದೆದ್ದರು; ಶಾಸಕರು ಹರಿದ ಅಂಗಿಯಲ್ಲಿ ನಿಂತ ಚಿತ್ರ ರಾಜ್ಯವೆಲ್ಲ ನೋಡಿತು. ಅದಾದ ಮೇಲೆ ಸರ್ಕಾರ ಚಿಕ್ಕಮಗಳೂರು, ಹಾಸನ, ಕೊಡಗು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆ ಕಟ್ಟಿತು. ಮರುವರ್ಷ ನವೆಂಬರಿನಲ್ಲಿ ಮೂಡಿಗೆರೆಯ ಬೈರಾಪುರದ ಬಳಿ ಅದೇ ಕಾರ್ಯಪಡೆಯ ಒಬ್ಬ ಯುವಕ ಆನೆಯಿಂದಲೇ ಸತ್ತರು. ಈ ಎಲ್ಲ ದಿನಗಳಲ್ಲಿ ಟೀವಿ ಏನು ತೋರಿಸಿತು, ನೆನಪು ಮಾಡಿಕೊಳ್ಳಿ. ಕೆಂಪು ಕಣ್ಣಿನ ಗ್ರಾಫಿಕ್ಸ್ ಆನೆ. ನಡುಗುವ ಅಕ್ಷರದಲ್ಲಿ 'ಕಿಲ್ಲರ್', 'ನರಹಂತಕ', 'ಪುಂಡಾನೆ'. ಹಿಂದೆ ಢಂ ಢಂ ಸಂಗೀತ. ಎಲ್ಲೋ ಯಾವಾಗಲೋ ಮೊಬೈಲಿನಲ್ಲಿ ತೆಗೆದ ಆರು ಸೆಕೆಂಡಿನ ಓಟವನ್ನು ನಲವತ್ತು ಸಲ ತಿರುಗಿಸಿದ್ದು. ಜಾಹೀರಾತಿಗೆ ಮುಂಚೆ ಒಂದು ಎದೆಬಡಿತ. 1977ರ ಜೇಡದ ಸಿನಿಮಾಕ್ಕೆ ಹೋಲಿಸಿ. ಕಸುಬು ಅದೇ. ನೋಡುವವರು ನಗುತ್ತಿಲ್ಲ ಎಂಬುದಷ್ಟೇ ವ್ಯತ್ಯಾಸ.

ನನ್ನ ಮಾತನ್ನು ತಪ್ಪು ತಿಳಿಯಬೇಡಿ. ಆನೆಯ ಭಯ ಸುಳ್ಳೆಂದು ಹೇಳಲು ನಾನು ಬಂದಿಲ್ಲ. ಬೆಳಗಿನ ಮಂಜಿನಲ್ಲಿ ಬುತ್ತಿ ಹಿಡಿದು ಲೈನಿನಿಂದ ತೋಟಕ್ಕೆ ನಡೆಯುವ ಹೆಂಗಸಿಗೆ ಆನೆ ಸಿನಿಮಾ ಅಲ್ಲ. ಕಾಫಿ ಗಿಡ ಆಳೆತ್ತರ. ಹತ್ತು ಮಾರು ಆಚೆ ಆನೆ ನಿಂತಿದ್ದರೂ ಕಾಣದು, ಸದ್ದೂ ಮಾಡದು. ಮಗುವನ್ನು ಶಾಲೆಗೆ ಕಳಿಸಿ ಸಂಜೆವರೆಗೆ ಜೀವ ಕೈಯಲ್ಲಿ ಹಿಡಿದು ಕೂರುವ ತಾಯಿಗೆ 'ಪ್ರಕೃತಿಯೊಡನೆ ಸಹಬಾಳ್ವೆ' ಎಂದು ಬೆಂಗಳೂರಿನಿಂದ ಬಂದವರು ಬೋಧಿಸಿದರೆ ಅದೂ ಒಂದು ಅಗ್ಗದ ಸಿನಿಮಾವೇ. ನನ್ನ ದೂರು ಬೇರೆ. ಆ ತಾಯಿಗೆ ಬೇಕಾದ ಒಂದೇ ಒಂದು ಸಂಗತಿಯನ್ನು, ಅಂದರೆ ಆನೆ ಈಗ ಎಲ್ಲಿದೆ, ಯಾವ ಕಡೆ ಹೊರಟಿದೆ ಎಂಬುದನ್ನು, ಅಷ್ಟೆಲ್ಲ ಗದ್ದಲದ ನಡುವೆ ಟೀವಿ ಹೇಳಲಿಲ್ಲ.

ಆನೆಗೆ ಹಾದಿ ಇದೆ. ಬೇರೆ ಯಾವ ಪ್ರಾಣಿಗಿಂತಲೂ ಹೆಚ್ಚು ಇದೆ. ಅಜ್ಜಿಯಾನೆ ನಡೆದ ದಾರಿಯಲ್ಲಿ ಮೊಮ್ಮಗಳು ನಡೆಯುತ್ತಾಳೆ. ಬಗನೆ ಎಲ್ಲಿದೆ, ಯಾವ ತೋಟದ ಕೆರೆಯಲ್ಲಿ ಬೇಸಗೆಯಲ್ಲೂ ನೀರಿರುತ್ತದೆ, ಹಲಸು ಎಲ್ಲಿ ಮೊದಲು ಹಣ್ಣಾಗುತ್ತದೆ ಎಂಬ ಲೆಕ್ಕ ಅವಕ್ಕಿದೆ. ಕಾಡಿನ ನಡುವೆ ಅಣೆಕಟ್ಟು, ರಸ್ತೆ, ಕಾಲುವೆ ಬಂದಾಗ ದಾರಿ ತಿರುಗುತ್ತದೆ; ಒಬ್ಬರು ಐಬೆಕ್ಸ್ ವಿದ್ಯುತ್ ಬೇಲಿ ಹಾಕಿದರೆ ಪಕ್ಕದವರ ತೋಟಕ್ಕೆ ತಿರುಗುತ್ತದೆ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹಾದಿ ಅಲ್ಲೇ ಇತ್ತು, ನಡೆಯುವವರು ಬದಲಾದರು. ಬೇಲೂರು, ಸಕಲೇಶಪುರದ ಕಡೆಯ ಜನ ಆನೆಗಳಿಗೆ ಹೆಸರಿಟ್ಟಿದ್ದಾರೆ: ಭೀಮ, ಕ್ಯಾಪ್ಟನ್, ಭುವನೇಶ್ವರಿ, ಬೀಟಮ್ಮ. 2024ರ ಆರಂಭದಲ್ಲಿ ಬೀಟಮ್ಮನ ಗುಂಪು ಚಿಕ್ಕಮಗಳೂರಿನ ಸುತ್ತ ಬಂದಾಗ ಹೋಟೆಲಿನಲ್ಲಿ ಜನ ನೆಂಟರ ಸುದ್ದಿ ವಿಚಾರಿಸಿದಂತೆ ವಿಚಾರಿಸುತ್ತಿದ್ದರು: ಬೀಟಮ್ಮ ಎಲ್ಲಿದ್ದಾಳೆ? ಹೆಸರಿಟ್ಟ ಮಾತ್ರಕ್ಕೆ ಭಯ ಹೋಗುವುದಿಲ್ಲ. ಆದರೆ ಹೆಸರಿರುವ ಪ್ರಾಣಿಗೆ ಗುಣ ಇರುತ್ತದೆ, ಅಭ್ಯಾಸ ಇರುತ್ತದೆ, ನಿನ್ನೆ ಮತ್ತು ನಾಳೆ ಇರುತ್ತವೆ. 'ಕಿಲ್ಲರ್' ಎಂಬ ಬಿರುದು ಹೊತ್ತದ್ದಕ್ಕೆ ಇವು ಯಾವುವೂ ಇಲ್ಲ.

2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಕಾಡಿನಲ್ಲಿ ಅರ್ಜುನ ಸತ್ತ. ಎಂಟು ಸಲ ದಸರಾ ಅಂಬಾರಿ ಹೊತ್ತವನು, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಕಾದಿ ಸತ್ತ. ನಾಡೇ ಅತ್ತಿತು, ನಾನೂ ಅತ್ತೆ. ಆದರೆ ತೆರೆಯ ಮೇಲೆ ಒಂದು ಆನೆ ನಾಯಕ, ಇನ್ನೊಂದು ಖಳನಾಯಕ ಆದದ್ದನ್ನು ಗಮನಿಸಿದಿರಾ? ಒಂದು ಕಾಲಕ್ಕೆ ಅರ್ಜುನನೂ ಕಾಡಾನೆಯೇ. 1960ರ ದಶಕದಲ್ಲಿ ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾಕ್ಕೆ ಬಿದ್ದು ನಾಡಿಗೆ ಬಂದವನು. ಸಳನ ಕಲ್ಲಿನ ಚೌಕಟ್ಟಿನಲ್ಲಿ ಹುಲಿ ಸಿಂಹವಾದಂತೆ, ಟೀವಿಯ ಚೌಕಟ್ಟಿನಲ್ಲಿ ಕಾಡಾನೆ ರಾಕ್ಷಸನಾಯಿತು.

ತೆರೆಯ ಕೆಳಗಿನ ಒಂದು ಸಾಲು

ಟೀವಿಯನ್ನು ಇಷ್ಟು ಬೈದ ಮೇಲೆ ಅದರ ಋಣವನ್ನೂ ತೀರಿಸಬೇಕು. ನನಗೆ ಗೊತ್ತಿರುವ ಅತಿ ಅಗ್ಗದ, ಅತಿ ಒಳ್ಳೆಯ ಪ್ರಾಣಿ ಕಾರ್ಯಕ್ರಮ ಒಂದು ಟೀವಿಯಲ್ಲೇ ಬಂತು. ಅದರಲ್ಲಿ ಪ್ರಾಣಿ ಒಂದು ಸಲವೂ ಕಾಣಿಸಲಿಲ್ಲ.

ತಮಿಳುನಾಡಿನ ಆನೆಮಲೆಯಲ್ಲಿ ವಾಲ್ಪಾರೈ ಇದೆ. ನಮ್ಮಂತೆಯೇ ಗುಡ್ಡ, ತೋಟ, ಲೈನು ಮನೆ, ನಡುನಡುವೆ ಉಳಿದ ಕಾಡಿನ ತುಂಡು, ಆನೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಆನಂದ ಕುಮಾರ್ ಮತ್ತು ಸಂಗಡಿಗರು ಅಲ್ಲಿನ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಹೆಚ್ಚಿನವರು ಸತ್ತದ್ದು ಆನೆ ಅಟ್ಟಿಸಿಕೊಂಡು ಬಂದದ್ದರಿಂದಲ್ಲ, ಆನೆ ಅಲ್ಲಿದೆ ಎಂದು ಗೊತ್ತಿಲ್ಲದೆ ಎದುರಿಗೆ ಹೋಗಿಬಿಟ್ಟದ್ದರಿಂದ. ಹಾಗಾದರೆ ಗೊತ್ತುಮಾಡಿಸುವುದು ಹೇಗೆ? ಸಂಜೆ ಎಲ್ಲರ ಮನೆಯಲ್ಲೂ ಟೀವಿ ಹಾಕಿರುತ್ತದೆ. ಊರಿನ ಕೇಬಲ್‌ನವರನ್ನು ಕೇಳಿಕೊಂಡರು. ಧಾರಾವಾಹಿ ನಡೆಯುತ್ತಿರುವಾಗ ತೆರೆಯ ಕೆಳಗೆ ಒಂದು ಸಾಲು ಹರಿಯತೊಡಗಿತು: ಇವತ್ತು ಆನೆಗಳು ಇಂಥ ತೋಟದ ಇಂಥ ಭಾಗದಲ್ಲಿವೆ. ಅಷ್ಟೆ. ಗ್ರಾಫಿಕ್ಸ್ ಇಲ್ಲ, ಸಂಗೀತ ಇಲ್ಲ, 'ಕಿಲ್ಲರ್' ಇಲ್ಲ. ಆಮೇಲೆ ಮೊಬೈಲ್ ಸಂದೇಶ ಬಂತು, ದೂರದಿಂದ ಕಾಣುವ ಕೆಂಪು ದೀಪ ಬಂತು. ಸಾವು ಕಡಿಮೆಯಾಯಿತು. ಅದೇ ವಿಧಾನ ಆಲೂರು, ಸಕಲೇಶಪುರಕ್ಕೂ ಬಂತು. ನಮ್ಮಲ್ಲೂ ಈಗ ಕಾರ್ಯಪಡೆಯವರ ವಾಟ್ಸಾಪ್ ಸಂದೇಶ ಓಡಾಡುತ್ತದೆ, ಜೀಪಿನ ಮೈಕು ಕೂಗುತ್ತದೆ.

ಎರಡೂ ತೆರೆಯ ಕೆಳಗೆ ಹರಿಯುವ ಸಾಲುಗಳೇ. ಒಂದು ಸಾಲು 'ನರಹಂತಕನ ಅಟ್ಟಹಾಸ' ಎನ್ನುತ್ತದೆ. ಅದನ್ನು ಓದಿ ನಾವು ಬಾಗಿಲು ಹಾಕಿಕೊಂಡು ನಡುಗಬಹುದು, ಬೀದಿಗಿಳಿದು ಕೂಗಬಹುದು, ಬೇರೇನೂ ಮಾಡಲಾಗದು. ಇನ್ನೊಂದು ಸಾಲು 'ಮೇಲಿನ ಕೆರೆಯ ಹತ್ತಿರ ಮೂರು ಆನೆ' ಎನ್ನುತ್ತದೆ. ಅದನ್ನು ಓದಿದವಳು ನಾಳೆ ಬೆಳಗ್ಗೆ ಕೆಳಗಿನ ದಾರಿಯಲ್ಲಿ ನಡೆದು ಕೆಲಸಕ್ಕೆ ಹೋಗಿ ವಾಪಸು ಬರುತ್ತಾಳೆ.

ಈಗ ನಮ್ಮ ಲೈನುಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸದವರೂ ಇದ್ದಾರೆ. ಅವರಿಗೂ ಆನೆ ಹೊಸದಲ್ಲ, ಅವರೂ ಆನೆಯ ಸೀಮೆಯಿಂದಲೇ ಬಂದವರು. ಅವರಿಗೆ ಗೊತ್ತಿಲ್ಲದ್ದು ಈ ಗುಡ್ಡದ ದಾರಿ ಮತ್ತು ಕನ್ನಡದ ಸಂದೇಶ. ಆ ಒಂದು ಸಾಲನ್ನು ಅವರ ಭಾಷೆಯಲ್ಲೂ ಹಾಕಿಸಲು ಎಷ್ಟು ಖರ್ಚಾದೀತು? ಈ ದತ್ತಿಯ ಒಂದು ವರ್ಷದ ಬಡ್ಡಿಯಿಂದ ಆಗುವುದಾದರೆ, ಮುಂದಿನ ವರ್ಷ ಉಪನ್ಯಾಸ ಬೇಡ, ಅದನ್ನೇ ಮಾಡಿ ಎಂದು ದಾನಿಗಳ ಮನೆಯವರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಣದ ಕಡೆ ನೆರಳು ಉದ್ದವಾಗಿದೆ. ಕಾಫಿ ಕುಡಿದೇ ಹೊರಡಿ, ಆದರೆ ಹೊರಡುವ ಮುಂಚೆ ಎಲ್ಲರೂ ಫೋನು ಒಮ್ಮೆ ನೋಡಿಕೊಳ್ಳಿ. ನಿಮ್ಮ ದಾರಿಯ ಬಗ್ಗೆ ಏನಾದರೂ ಬಂದಿದ್ದರೆ ಪಕ್ಕದವರಿಗೂ ಹೇಳಿ. ಕೇಳುವಾಗ ಕಾವಲುಗಾರನಂತೆ ಕೇಳಿ.